ಒಂದು ಹಿಡಿ ಸೊಪ್ಪು

ಸುಣ್ಣದ ಗೆರೆ ದಾಟಕೂಡದು. ಅನಸೂಯಮ್ಮ ಹಾಕಿದ ಷರತ್ತು ಅದೊಂದೇ.

"ಮಜ್ಜಿಗೆ ಎಷ್ಟು ಬೇಕಾದ್ರೂ ಕೊಡ್ತೀನಿ ಕಣೇ ತನುಜ. ಬಂದೋರನ್ನ ಜಗಲಿ ಮೇಲೆ ಕೂರಿಸ್ಕೊ, ನಿನ್ನ ಕಥೆನೆಲ್ಲಾ ಹೇಳ್ಕೊ. ಹುಳದ ಮನೆ ಬಾಗಿಲಲ್ಲಿ ಗೆರೆ ಎಳೆದಿರ್ತೀನಿ ನೋಡು, ಅದರಿಂದ ಒಳಕ್ಕೆ ಒಂದು ಕಾಲು ಬಿತ್ತು ಅಂದ್ರೆ ನೀನು ನಮ್ಮಕ್ಕನ ಮಗಳು ಅನ್ನೋದನ್ನೇ ಮರ್ತುಬಿಡ್ತೀನಿ."

"ಯಾರೂ ಬರಲ್ಲ ಚಿಕ್ಕಮ್ಮ."

"ಬೀಡಿ ಸಿಗರೇಟು ಸೇದಿದ ಬಾಯಿ, ಸೆಂಟು ಹಾಕಿದ ಮೈ, ಅದೂ ಹತ್ರ ಬರಕೂಡ್ದು. ಎರಡು ಬೆಳೆ ಕಣ್ಣೆದುರಿಗೇ ಕೊಳೆತು ಹೋಗಿದೆ. ಇದೊಂದು ಕೈಗೆ ಹತ್ತಿದೆ."

ಅದು ನಿಜ. ಹಿಂದಿನ ಎರಡು ಸಲವೂ ಹಾಲು ರೋಗ ಬಂದು, ಅನಸೂಯಮ್ಮನ ರೇಷ್ಮೆ ಹುಳುಗಳು ಗೂಡು ಕಟ್ಟುವ ವಾರದಲ್ಲೇ ಊದಿಕೊಂಡು ಸತ್ತಿದ್ದವು. ಈ ಸಲದವು ನಾಲ್ಕೂ ಜ್ವರ ದಾಟಿದ್ದವು. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದಕ್ಕೆ ಶಿಡ್ಲಘಟ್ಟದ ಕಡೆ ಜ್ವರ ಎನ್ನುತ್ತಾರೆ. ಈಗ ಕಿರುಬೆರಳಿನಷ್ಟು ಉದ್ದವಾಗಿ, ಬೆಣ್ಣೆಯ ಬಣ್ಣಕ್ಕೆ ತಿರುಗಿ, ಹಗಲು ರಾತ್ರಿ ಮೇಯುತ್ತಿದ್ದವು. ನಾಡಿದ್ದು ಹಣ್ಣಾಗಿ ಚಂದ್ರಿಕೆಗೆ ಹತ್ತಬೇಕು. ಗೂಡು ಕಟ್ಟಿಸುವ ಆ ಬಿದಿರು ತಟ್ಟಿಗಳು ಸಾಲುವುದಿಲ್ಲವೆಂದು, ಇನ್ನಷ್ಟು ತರಲು ಅನಸೂಯಮ್ಮನ ಗಂಡ ವೆಂಕಟರಾಮಪ್ಪ ಬೆಳಿಗ್ಗೆಯೇ ಜಂಗಮಕೋಟೆಗೆ ಹೋಗಿದ್ದ.

ಆ ಭಾನುವಾರ ಸಂಜೆ ತನುಜ ನಾಲ್ಕು ಜನರನ್ನು ಕರೆದುಕೊಂಡು ಊರು ಸುತ್ತಲು ಹೊರಟಾಗ ಅವಳ ಕಣ್ಣ ಮುಂದೆ ಇದ್ದದ್ದು ಆ ಬಿಳಿ ಗೆರೆ ಒಂದೇ.

ಎರಡು ಸಾವಿರದ ಆರನೇ ಇಸವಿಯ ಮಾರ್ಚ್ ತಿಂಗಳು. ಇತಿಹಾಸದಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ತನುಜಳಿಗೆ ಹೊಳೆದಿದ್ದ ಉಪಾಯ ಇದು: ಸಂಜೆ ಹೊತ್ತು ಶಿಡ್ಲಘಟ್ಟದ ಬೀದಿಗಳಲ್ಲಿ ನಡೆಸುತ್ತಾ, ಒಂದೊಂದು ತಾಣದಲ್ಲಿ ಅಲ್ಲಿಯದೇ ಒಂದು ಪಾನೀಯ ಕುಡಿಸಿ, ಅಲ್ಲಿಯದೇ ಒಂದು ಕಥೆ ಹೇಳುವುದು. ಚಿಕ್ಕಬಳ್ಳಾಪುರದ ಭಾನುಪ್ರಕಾಶ್ ಬೆಟ್ಟ ಹತ್ತುವವರ ಸಂಘವೊಂದನ್ನು ನಡೆಸುತ್ತಿದ್ದ. ಬೆಳಗಿನ ಜಾವ ಕಳವಾರದಿಂದ ಸ್ಕಂದಗಿರಿ ಹತ್ತಿ ಇಳಿದವರಿಗೆ ಸಂಜೆ ಏನು ತೋರಿಸುವುದೆಂದು ಹುಡುಕುತ್ತಿದ್ದವನು, "ಒಂದ್ಸಲ ನೋಡ್ತೀನಿ. ಚೆನ್ನಾಗಿದ್ರೆ ವಾರ ವಾರ ಕರ್ಕೊಂಡು ಬರ್ತೀನಿ," ಎಂದು ಬಂದಿದ್ದ. ಜೊತೆಗೆ ಅವನ ಸೋದರಮಾವ ನರಸಿಂಹಮೂರ್ತಿ, ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಬಲಗೈ ಸದಾ ನಡುಗುತ್ತಿತ್ತು, ನಾಲಿಗೆ ಮಾತ್ರ ನೆಟ್ಟಗಿತ್ತು. ಗೌರಿಬಿದನೂರಿನ ಕಾಲೇಜಿನಲ್ಲಿ ಪಾಠ ಹೇಳುವ ಸಂಘಮಿತ್ರ, ಕುತ್ತಿಗೆಗೆ ಕ್ಯಾಮೆರಾ. ನಾಲ್ಕನೆಯವಳು ಭಾನುಪ್ರಕಾಶನ ಹೆಂಡತಿ, ಕಾಲು ನೋವೆಂದು ಮೊದಲನೇ ತಾಣದಲ್ಲೇ ಕಾರಿಗೆ ಹೋಗಿ ಕೂತಳು.

ಮೊದಲನೇ ತಾಣ ರೇಷ್ಮೆ ಗೂಡಿನ ಮಾರ್ಕೆಟ್ಟಿನ ಎದುರಿನ ಸಾದಿಕ್ ಪಾಷಾನ ಚಹಾ ಅಂಗಡಿ. ಎಮ್ಮೆ ಹಾಲಿನ ಖಡಕ್ ಚಹಾ, ಚಿಕ್ಕ ಲೋಟದಲ್ಲಿ.

"ಹಿಂದೆ ಗೂಡಿನ ಬೆಲೆ ಬಾಯಲ್ಲಿ ಹೇಳ್ತಿರಲಿಲ್ಲ. ಟವೆಲ್ ಕೆಳಗೆ ಬೆರಳು ಹಿಡಿದು ಹೇಳ್ತಿದ್ರು. ಬಾಯಿ ಬಿಟ್ಟು ಬೆಲೆ ಹೇಳಿದವನ ಮನೇಲಿ ಆ ವರ್ಷ ಹುಳ ಗೂಡು ಕಟ್ತಿರಲಿಲ್ವಂತೆ," ಎಂದಳು ತನುಜ.

"ಇದಕ್ಕೆ ಆಧಾರ?" ಎಂದರು ನರಸಿಂಹಮೂರ್ತಿ.

"ನಮ್ಮಜ್ಜಿ ಅಮ್ಮಾಜಮ್ಮ ಹೇಳಿದ್ದು ಸಾರ್."

"ಅಜ್ಜಿ ಆಧಾರ ಅಲ್ಲಮ್ಮ. ಪ್ರೀತಿ."

ಸಾದಿಕ್ ಪಾಷಾ ಒಲೆಯ ಹಿಂದಿನಿಂದಲೇ ನಕ್ಕ. "ಅರೆ ಮೇಷ್ಟ್ರೇ, ನಮ್ಮ ತನುಜಮ್ಮ ಹೇಳಿದ್ರೆ ನನ್ನ ಅಂಗಡಿಗೂ ನೂರು ವರ್ಷ ಆಗುತ್ತೆ. ನಾನು ಹಾಕಿದ್ದು ಎಂಬತ್ತೊಂಬತ್ತರಲ್ಲಿ!"

ತನುಜ ನಕ್ಕಳಾದರೂ ಅವಳ ಗಮನವೆಲ್ಲ ಬೇರೆ ಕಡೆ ಇತ್ತು. ಗಾಳಿ ತಿರುಗಿದಾಗ ಮಲ್ಲಿಗೆಯ ಸೆಂಟಿನ ಘಾಟು ಬಂದಿತ್ತು. ಸಂಘಮಿತ್ರಳ ಮೈಯಿಂದ.

"ಮೇಡಂ, ತಪ್ಪು ತಿಳೀಬೇಡಿ. ಕೊನೇಲಿ ಹುಳದ ಮನೆ ಹತ್ರ ಹೋಗ್ತೀವಿ. ಸೆಂಟು ಅವಕ್ಕೆ ವಿಷ. ಸ್ವಲ್ಪ ತೊಳ್ಕೊಳ್ತೀರಾ?"

ಸಂಘಮಿತ್ರ ಕೆಂಪಗಾದಳು. ಅಂಗಡಿಯ ಹಿಂದಿನ ನಲ್ಲಿಯಲ್ಲಿ, ಸಾದಿಕ್ ಪಾಷಾ ಕೊಟ್ಟ ಕೆಂಪು ಸೋಪಿನಲ್ಲಿ ಕುತ್ತಿಗೆ, ಮಣಿಕಟ್ಟು ತಿಕ್ಕಿ ತೊಳೆದಳು. ತನುಜ ಹತ್ತಿರ ನಿಂತು ಮೂಸಿ, "ಇನ್ನೊಂದ್ಸಲ," ಎಂದಳು. ಎರಡನೆಯ ಸಲ ತೊಳೆದು ಬಂದ ಮೇಲೆ ಸಂಘಮಿತ್ರ ಎಲ್ಲರಿಗಿಂತ ಹತ್ತು ಹೆಜ್ಜೆ ಹಿಂದೆಯೇ ನಡೆದಳು.

ಬಯ್ಯಪ್ಪನ ಗೋಲಿ ಸೋಡಾ ಅಂಗಡಿಯಲ್ಲಿ ಭಾನುಪ್ರಕಾಶ್ ಜೇಬಿನಿಂದ ಸಿಗರೇಟು ತೆಗೆದ. ಗೋಲಿ ಒಳಕ್ಕೆ ಬಿದ್ದದ್ದೂ ತನುಜ "ಬೇಡ ಸಾರ್!" ಎಂದು ಕೂಗಿದ್ದೂ ಒಂದೇ ಗಳಿಗೆಯಲ್ಲಿ. ಬಯ್ಯಪ್ಪ ಬೆಚ್ಚಿಬಿದ್ದು ಅರ್ಧ ಸೋಡಾ ತನ್ನ ಅಂಗಿಯ ಮೇಲೆಯೇ ಚೆಲ್ಲಿಕೊಂಡ.

"ಏನ್ರೀ ಇದು, ಟೂರೋ ಟೆಸ್ಟೋ?" ಎಂದ ಭಾನುಪ್ರಕಾಶ್, ಸಿಗರೇಟನ್ನು ವಾಪಸ್ಸು ಇಟ್ಟುಕೊಳ್ಳುತ್ತಾ. ಅವನ ಮುಖದಲ್ಲಿ ನಗು ಇರಲಿಲ್ಲ.

ತನುಜ ಅವನ ಕೈಗೆ ಸೋಡಾ ಬಾಟಲಿ ಕೊಟ್ಟಳು. ಒಂದು ಕಡೆ ಇವನ ಮುಖ ನೋಡಬೇಕು. ಇನ್ನೊಂದು ಕಡೆ ಇವರೆಲ್ಲರ ಕೈ, ಬಾಯಿ, ಜೇಬು ಕಾಯಬೇಕು. ಕಥೆ ಹೇಳುವುದಕ್ಕೆಂದು ಹೊರಟವಳು ಪೊಲೀಸಿನವಳ ಹಾಗೆ ಆಗಿಬಿಟ್ಟಿದ್ದಳು.

ಕೆರೆ ಏರಿಗೆ ಬಂದಾಗ ಹೊತ್ತು ಇಳಿದಿತ್ತು. ಏರಿಯ ಕೆಳಗೆ ಈಚಲ ಮರಗಳ ಸಾಲು. ಅಲ್ಲೊಂದು ಕಲ್ಲಿನ ಮೇಲೆ ಎರ್ರಪ್ಪ ಕಾಯುತ್ತಿದ್ದ. ನಲವತ್ತು ವರ್ಷ ಈ ಮರಗಳಿಗೆ ಮಡಕೆ ಕಟ್ಟಿ ಸೇಂದಿ ಇಳಿಸಿದವನು. ಸರ್ಕಾರ ಸೇಂದಿ ನಿಲ್ಲಿಸಿದ ಮೇಲೆ ಮರ ಹತ್ತಲು ಬೆನ್ನಿಗೆ ಕಟ್ಟುತ್ತಿದ್ದ ಹಗ್ಗವನ್ನು ದನಕ್ಕೆ ಹಾಕಿಬಿಟ್ಟಿದ್ದ.

"ರಾಂಡಮ್ಮಾ, ರಾಂಡಿ. ಕುಡಿಯೋಕಿಲ್ಲ, ಮೂಸೋಕೆ ಮಾತ್ರ," ಎಂದು ತೆಲುಗು ಬೆರೆಸಿ ಹತ್ತಿರ ಕರೆದು, ಒಂದು ಹಳೆಯ ಮಡಕೆಯನ್ನು ಮುಂದೆ ಹಿಡಿದ. ಒಣಗಿದ ಮಣ್ಣಿನೊಳಗಿಂದ ಹುಳಿಹುಳಿಯಾದ, ಬಹಳ ಹಿಂದಿನ ವಾಸನೆಯೊಂದು ಇನ್ನೂ ಬರುತ್ತಿತ್ತು. ನರಸಿಂಹಮೂರ್ತಿ ಕಣ್ಣು ಮುಚ್ಚಿ ಮೂಸಿ, "ಇದಕ್ಕೆ ಆಧಾರ ಬೇಡ," ಎಂದರು. ಭಾನುಪ್ರಕಾಶ್ ಮೊದಲ ಸಲ ಗಟ್ಟಿಯಾಗಿ ನಕ್ಕ.

ಆ ನಗು ಕೇಳಿ ತನುಜಳ ಭುಜ ಸಡಿಲವಾಯಿತು. ಸೊಳ್ಳೆಗಳು ಗುಂಯ್ ಎಂದು ಎದ್ದಿದ್ದವು. ಭಾನುಪ್ರಕಾಶ್ ಚೀಲದಿಂದ ಸೊಳ್ಳೆ ಕ್ರೀಮಿನ ಟ್ಯೂಬು ತೆಗೆದು ಕೈಗೆ ಕಾಲಿಗೆ ಹಚ್ಚಿಕೊಂಡು, ಮಾವನ ಕೈಗೆ ಕೊಟ್ಟ. ನಡುಗುವ ಕೈಯಲ್ಲಿ ಮುಚ್ಚಳ ತೆಗೆಯಲಾಗಲಿಲ್ಲ.

"ಕೊಡಿ ಸಾರ್," ಎಂದಳು ತನುಜ.

ಆ ಹೊತ್ತಿಗೆ ಅವಳು ಅಜ್ಜಿಯ ಕಥೆಗೆ ಇಳಿದಾಗಿತ್ತು. ಮಾತು ನಿಲ್ಲಿಸದೆಯೇ ಅವರ ಎರಡೂ ತೋಳಿಗೆ, ಕತ್ತಿಗೆ ಕ್ರೀಮು ಸವರಿದಳು.

"ಮೊದಲು ಹುಳಕ್ಕೆ ಬಾಯಿತ್ತಂತೆ ಸಾರ್, ಮಾತಾಡೋ ಬಾಯಿ. ತಟ್ಟೇಲಿ ಮಲಗಿಕೊಂಡು ಮನೆಯವರು ಆಡಿದ್ದೆಲ್ಲಾ ಕೇಳಿಸ್ಕೊಂಡು, ಬೆಳಿಗ್ಗೆ ಸೊಪ್ಪು ಹಾಕೋಕೆ ಬಂದವರಿಗೆ ಹೇಳಿಬಿಡೋದು. ಅತ್ತೆ ಅಂದದ್ದು ಸೊಸೆಗೆ, ಸೊಸೆ ಅಂದದ್ದು ಅತ್ತೆಗೆ. ಮನೆಮನೇಲೂ ಜಗಳ. ಕೊನೆಗೆ ಊರಮ್ಮ ಬಂದು, ಇನ್ನು ಮೇಲೆ ನೀನು ಕೇಳಿದ್ದನ್ನ ನುಂಗಿಕೊಳ್ಳೇ ತಾಯಿ ಅಂದಳಂತೆ. ಅವತ್ತಿಂದ ಹುಳ ಹೇಳಬೇಕಾದ್ದನ್ನೆಲ್ಲಾ ನೂಲು ಮಾಡಿ ಮೈಗೆ ಸುತ್ತಿಕೊಳ್ಳುತ್ತೆ. ಸುತ್ತಿಕೊಂಡು ಅದರೊಳಗೇ ಉಸಿರು ಕಟ್ಟಿ ಸಾಯುತ್ತೆ."

"ನಂಗೆ ಬೇಡ," ಎಂದಳು ಸಂಘಮಿತ್ರ, ಟ್ಯೂಬು ತನ್ನ ಕಡೆ ಬಂದಾಗ. "ಇದೂ ವಾಸನೇನೇ ಅಲ್ವಾ? ಮತ್ತೆ ತೊಳೆಸ್ತಾರೆ."

ಅದು ಕುಟುಕಿ ಆಡಿದ ಮಾತು. ತನುಜಳ ಕಿವಿಗೆ ಬಿತ್ತು, ಆದರೆ ಅವಳು ಕಥೆಯಲ್ಲಿದ್ದಳು. ನಿಂಬೆಯಂಥ ವಾಸನೆ, ಸೋಪಿನಂಥದ್ದೇ ಏನೋ ಎಂದು ಮನಸ್ಸಿನ ಯಾವುದೋ ಮೂಲೆ ಹೇಳಿತು. ಅನಸೂಯಮ್ಮನ ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಆ ಹೊಗೆ ಹುಳುವಿಗೆ ವಿಷವೆಂದು ಅವಳಿಗೆ ಗೊತ್ತಿತ್ತು. ಟ್ಯೂಬಿನಲ್ಲಿ ಬರುವ ಕ್ರೀಮನ್ನು ಆ ಮನೆಯಲ್ಲಿ ಯಾರೂ ಹೆಸರೆತ್ತಿ ಬೇಡ ಎಂದಿರಲಿಲ್ಲ, ಅಷ್ಟೇ.

ಅನಸೂಯಮ್ಮನ ಮನೆ ಊರಂಚಿಗೆ, ಹಿಪ್ಪುನೇರಳೆ ತೋಟಕ್ಕೆ ತಗುಲಿಕೊಂಡೇ ಇತ್ತು. ಜಗಲಿಯ ಬಲಕ್ಕೆ ಹುಳದ ಮನೆ. ಬಾಗಿಲಲ್ಲಿ ಅಂಗೈಯಗಲ ಸುಣ್ಣದ ಗೆರೆ, ಕಿಟಕಿಗೆ ನೊಣದ ಬಲೆ. ತನುಜ ಬಂದವರನ್ನೆಲ್ಲ ಜಗಲಿಯ ಎಡ ತುದಿಗೆ, ಗೆರೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಕೂರಿಸಿದಳು. ತಾನು ಗೆರೆಗೂ ಅವರಿಗೂ ನಡುವೆ ನಿಂತಳು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದೂ ನೋಡಿದಳು. ಹುಳದ ಮನೆಯ ಕಡೆಯಿಂದ. ಸದ್ಯ.

ಸಂಜೆಯ ಮೇವಿನ ಹೊತ್ತು. ಜಗಲಿಯ ಮೇಲೆ ಎರಡು ಮಂಕರಿ ತುಂಬ ಹಿಪ್ಪುನೇರಳೆ ಸೊಪ್ಪು, ದೊಡ್ಡ ಬಿದಿರು ಬುಟ್ಟಿಗಳಿಗೆ ಒದ್ದೆ ಗೋಣಿ ಮುಚ್ಚಿ ಇಟ್ಟಿತ್ತು. ಅಮ್ಮಾಜಮ್ಮನ ಕಾಲದಿಂದ ಆ ಮನೆಯಲ್ಲಿ ಒಂದು ರೂಢಿ. ಮೇವಿನ ಹೊತ್ತಿಗೆ ಬಂದ ನೆಂಟರು ಮಂಕರಿಗೆ ಕೈ ಹಾಕಿ, ಒತ್ತಿಕೊಂಡ ಎಲೆಗಳನ್ನು ಉದುರಿಸಿ, ಒಂದು ಹಿಡಿ ಮೇಲೆ ಇಡಬೇಕು. ಹಸಿದ ಹುಳದ ಮುಂದೆ ಕೈ ಕಟ್ಟಿ ಕೂರಬಾರದು. ಮೂರು ವರ್ಷದ ಮಗುವಾಗಿದ್ದಾಗಿನಿಂದ ತನುಜ ಅದನ್ನು ಮಾಡಿದ್ದಳು. ಮಾಡುತ್ತಿದ್ದೇನೆ ಎಂದು ಯೋಚಿಸಿದವಳೇ ಅಲ್ಲ. ಈಗಲೂ ಹಾಗೆಯೇ. ಎಡಗಡೆಯ ಮಂಕರಿಯ ಗೋಣಿ ಸರಿಸಿ, ಎರಡೂ ಕೈ ಮೊಣಕೈವರೆಗೆ ಇಳಿಸಿ ಎಲೆ ಉದುರಿಸಿದಳು. ಒಂದು ಹಿಡಿ ಎತ್ತಿ ಮೇಲಿಟ್ಟಳು.

ಅನಸೂಯಮ್ಮ ಕೈ ತೊಳೆದು ಬಂದು ಆ ಮಂಕರಿಯನ್ನು ಸೊಂಟಕ್ಕೇರಿಸಿಕೊಂಡು ಗೆರೆ ದಾಟಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬರಿ ಮಂಕರಿ ಹಿಡಿದು ಬಂದು, "ಎಡಗಡೆ ಆರು ತಟ್ಟೆಗೆ ಆಯ್ತು. ಮಿಕ್ಕಿದ್ದಕ್ಕೆ ಆಮೇಲೆ ಹಾಕ್ತೀನಿ. ಮೊದಲು ಇವರಿಗೆ ಮಜ್ಜಿಗೆ ಕೊಡಣ, ಪಾಪ ನಡೆದು ಬಂದವ್ರೆ," ಎಂದು ಅಡಿಗೆ ಮನೆಗೆ ನಡೆದಳು.

ಆಗ ಒಳಗಿನಿಂದ ಸದ್ದು ಶುರುವಾಯಿತು. ಮೊದಲು ಅಲ್ಲೊಂದು ಇಲ್ಲೊಂದು ಹನಿ ಬಿದ್ದ ಹಾಗೆ. ಆಮೇಲೆ ಸಣ್ಣಗೆ, ಎಡೆಬಿಡದೆ.

"ಮಳೆ ಬಂತಾ?" ಎಂದು ಭಾನುಪ್ರಕಾಶ್ ಆಕಾಶ ನೋಡಿದ.

"ಹುಳ ಮೇಯೋ ಸದ್ದು ಸಾರ್," ಎಂದಳು ತನುಜ.

ಮೂವರೂ ಉಸಿರು ಬಿಗಿ ಹಿಡಿದು ಕೇಳಿದರು. ನರಸಿಂಹಮೂರ್ತಿಯವರ ಕೈ ಕೂಡ ಒಂದು ಗಳಿಗೆ ನಿಂತ ಹಾಗಿತ್ತು. ಭಾನುಪ್ರಕಾಶ್ ಮೆಲ್ಲಗೆ ಹೇಳಿದ, "ಆಯ್ತು ಕಣ್ರೀ. ವಾರ ವಾರ. ಹತ್ತು ಹನ್ನೆರಡು ಜನ ಇರ್ತಾರೆ. ಕೊನೇಲಿ ಈ ಮನೆ, ಈ ಮಜ್ಜಿಗೆ, ಈ ಸದ್ದು. ಇದೊಂದನ್ನ ಮಾತ್ರ ಬಿಡಬೇಡಿ."

ಅನಸೂಯಮ್ಮ ಸ್ಟೀಲ್ ಚೊಂಬಿನಿಂದ ಲೋಟಗಳಿಗೆ ಮಜ್ಜಿಗೆ ಬಗ್ಗಿಸಿದಳು. ತನುಜ ತನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತುಟಿಗೆ ತಂದಳು.

"ಚಿಕ್ಕಮ್ಮ, ಇವತ್ತು ನಿಂಬೆ ಎಲೆ ಹಾಕಿದೀಯಾ? ಚೆನ್ನಾಗಿ ಘಮ ಅಂತಿದೆ."

"ಎಲ್ಲಿ ನಿಂಬೆ ಎಲೆ? ಶುಂಠಿ, ಕೊತ್ತಂಬರಿ ಸೊಪ್ಪು, ಒಂದು ಹಸಿಮೆಣಸಿನಕಾಯಿ. ಅಷ್ಟೇ ಕಣೇ."

ತನುಜ ಲೋಟ ಕೆಳಗಿಟ್ಟಳು. ಬಲಗೈಯನ್ನು ಮೂಗಿನ ಹತ್ತಿರ ತಂದಳು. ಎಡಗೈಯನ್ನೂ ತಂದಳು.

ಒಳಗೆ ಮಳೆ ಸುರಿಯುತ್ತಿತ್ತು.

ಎಲ್ಲವೂ ಒಟ್ಟಿಗೇ ಕಂಡಿತು: ಟ್ಯೂಬು, ಮೇಷ್ಟರ ತೋಳು, ಮಂಕರಿಯೊಳಗೆ ಮೊಣಕೈವರೆಗೆ ಇಳಿದ ತನ್ನ ಕೈ. ಗೆರೆಯನ್ನು ಸಂಜೆಯೆಲ್ಲ ಕಾದಿದ್ದಳು. ಸೊಪ್ಪು ಗೆರೆಯ ಈಚೆ ಇತ್ತು.

ಹೇಳದಿದ್ದರೆ? ಯಾರಿಗೂ ತಿಳಿಯುವುದಿಲ್ಲ. ಬೆಳಿಗ್ಗೆ ಹುಳು ಸತ್ತಿರುತ್ತವೆ, ಮೂರನೇ ಬೆಳೆಯೂ ಹೋಯಿತಲ್ಲಾ ಎಂದು ಚಿಕ್ಕಮ್ಮ ತನ್ನ ಹಣೆಬರಹವನ್ನು ಬೈದುಕೊಳ್ಳುತ್ತಾಳೆ. ಅಥವಾ ಆ ಸೆಂಟಿನವಳನ್ನು. ಭಾನುಪ್ರಕಾಶ್ ಮುಂದಿನ ವಾರ ಹನ್ನೆರಡು ಜನರನ್ನು ಕರೆತರುತ್ತಾನೆ. ಇಷ್ಟನ್ನೂ ಯೋಚಿಸಲು ಅವಳಿಗೆ ಎರಡು ಉಸಿರಿನಷ್ಟು ಹೊತ್ತು ಹಿಡಿಯಿತು. ಆ ಎರಡು ಉಸಿರಿನಲ್ಲಿ ಹುಳುಗಳು ಎಷ್ಟು ಎಲೆ ತಿಂದವೋ ಎಂಬುದು ಆಮೇಲೆ ಬಹಳ ದಿನ ಅವಳನ್ನು ಕಾಡಿತು.

"ಚಿಕ್ಕಮ್ಮ, ನನ್ನ ಕೈಯಲ್ಲಿ ಸೊಳ್ಳೆ ಕ್ರೀಮು ಇತ್ತು. ಇದೇ ಕೈಯಲ್ಲಿ ಸೊಪ್ಪು ಮುಟ್ಟಿದೆ."

ಅಜ್ಜಿಯ ಮೊಮ್ಮಗಳು ಒಂದು ಅಲಂಕಾರವೂ ಇಲ್ಲದೆ ಆಡಿದ ಮೊದಲ ಮಾತು ಅದೇ ಇರಬೇಕು.

ಅನಸೂಯಮ್ಮನ ಕೈಯಲ್ಲಿದ್ದ ಚೊಂಬು ವಾಲಿ, ಮಜ್ಜಿಗೆ ಜಗಲಿಯ ಮೇಲೆ ಹರಿಯಿತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಯಾವ ಮಂಕರಿ?"

"ಎಡಗಡೇದು."

"ಬಲಗಡೇದು ಮುಟ್ಟಿಲ್ಲ?"

"ಇಲ್ಲ ಚಿಕ್ಕಮ್ಮ. ಅಜ್ಜಿ ಆಣೆ."

"ಆಣೆ ಕಟ್ಕೊಂಡು ಏನ್ ಮಾಡ್ಲಿ! ಎಲೆ ಎಲ್ಲಾ ಎತ್ತಬೇಕು. ಒಬ್ಬಳ ಕೈಲಿ ಆರು ತಟ್ಟೆ ಆಗಲ್ಲ. ಅವರೂ ಮನೇಲಿಲ್ಲ." ತನುಜ ಎದ್ದಳು. "ನೀನು ಬರಬೇಡ! ಅಲ್ಲೇ ನಿಲ್ಲು. ಕ್ರೀಮು ಹಚ್ಚದೇ ಇರೋರು ಯಾರಿದೀರ?"

ಭಾನುಪ್ರಕಾಶ್ ತನ್ನ ಕೈ ನೋಡಿಕೊಂಡ. ನರಸಿಂಹಮೂರ್ತಿ ತಲೆ ತಗ್ಗಿಸಿದರು. ಸಂಘಮಿತ್ರ ಕ್ಯಾಮೆರಾ ಕಳಚಿ ಜಗಲಿಯ ಮೇಲಿಟ್ಟಳು.

"ನಾನು ಹಚ್ಚಿಲ್ಲ. ಆದ್ರೆ ಅಮ್ಮ, ನಂಗೆ ಹುಳ ಅಂದ್ರೆ ಪ್ರಾಣ ಹೋಗುತ್ತೆ."

"ಅವಕ್ಕೂ ಹೋಗ್ತಾ ಇದೆ. ಬಾರಮ್ಮಾ!"

ಬಕೆಟ್ಟಿನ ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿಸಿ, ತನ್ನ ಹಳೆಯ ಸೀರೆಯೊಂದನ್ನು ಅವಳ ಬಟ್ಟೆಯ ಮೇಲೆಯೇ ಸುತ್ತಿ, ಅನಸೂಯಮ್ಮ ಅವಳನ್ನು ಗೆರೆಯೊಳಕ್ಕೆ ಎಳೆದುಕೊಂಡಳು.

ತನುಜ ಅಂಗಳಕ್ಕಿಳಿದು ನಿಂತಳು. ದೂರದಿಂದಲೇ ಕಿಟಕಿಯ ಬಲೆಯ ಮೂಲಕ ಒಳಗಿನ ದೀಪದಲ್ಲಿ ನೆರಳುಗಳು ಕಾಣುತ್ತಿದ್ದವು. ಚಿಕ್ಕಮ್ಮನ ಬೆರಳು ಹುಳುವನ್ನು ನೋಯಿಸದೆ ಎಲೆಯನ್ನಷ್ಟೇ ಎತ್ತುವ ವೇಗ. ಪಕ್ಕದಲ್ಲಿ ಸಂಘಮಿತ್ರ, ಒಂದೊಂದು ಎಲೆಗೂ ಬೆಚ್ಚುತ್ತಾ, ಆದರೂ ಕೈ ನಿಲ್ಲಿಸದೆ. "ಕಚ್ಚಲ್ಲಮ್ಮ, ಅದಕ್ಕೆ ಹಲ್ಲು ಇರೋದು ಸೊಪ್ಪಿಗೆ. ಅಂಟಿಕೊಂಡಿದ್ರೆ ಎಳೀಬೇಡ, ಅಲ್ಲಾಡಿಸು. ಹಾಂ. ಮುಂದಿನ ತಟ್ಟೆ." ಮಳೆಯ ಸದ್ದು ತಟ್ಟೆ ತಟ್ಟೆಯಾಗಿ ಕಡಿಮೆಯಾಗುತ್ತಾ ಬಂದು, ಪೂರ್ತಿ ನಿಂತಿತು.

ಅಂಥ ನಿಶ್ಶಬ್ದವನ್ನು ಆ ಮನೆಯಲ್ಲಿ ತನುಜ ಕೇಳಿರಲಿಲ್ಲ. ಜ್ವರ ಬಂದು ಹುಳು ಮಲಗಿದಾಗಲೂ ಎಲ್ಲೋ ಒಂದು ಎಚ್ಚರವಾಗಿರುತ್ತಿತ್ತು.

"ಸಾರ್, ಬಲಗಡೆ ಮಂಕರೀನ ಯಾರೂ ಮುಟ್ಟಬೇಡಿ," ಎಂದಳು. ಭಾನುಪ್ರಕಾಶ್ ಅಷ್ಟರಲ್ಲಿ ಅದರಿಂದ ಮಾರು ದೂರ ಸರಿದು ಗೋಡೆಗೆ ಅಂಟಿಕೊಂಡು ನಿಂತಿದ್ದ. ಅನಸೂಯಮ್ಮ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ ಆ ಮಂಕರಿಯನ್ನು ಎತ್ತಿಕೊಂಡು ಹೋದಳು. ಹೊಸ ಸೊಪ್ಪು ತಟ್ಟೆಗಳ ಮೇಲೆ ಬಿದ್ದ ಸರಸರ. ಆಮೇಲೆ ಮತ್ತೆ ಏನೂ ಇಲ್ಲ.

ನರಸಿಂಹಮೂರ್ತಿ ಮೆಲ್ಲಗೆ ಕೇಳಿದರು, "ತಿಂತಾವಾ?"

"ವಿಷ ಸೇರಿದ್ರೆ ತಿನ್ನಲ್ಲ ಸಾರ್. ತಲೆ ಎತ್ತಿ ಅಲ್ಲಾಡಿಸ್ತವೆ. ಹಸಿರು ನೀರು ಕಾರ್ತವೆ."

"ತಪ್ಪು ನಂದಮ್ಮ. ನನ್ನ ಕೈ..."

"ನಿಮ್ಮ ಕೈ ಸೊಪ್ಪು ಮುಟ್ಟಿಲ್ಲ ಸಾರ್."

ಅವಳು ಕಿವಿಗೊಟ್ಟು ನಿಂತಳು. ಬೀದಿಯಲ್ಲಿ ಒಂದು ಬಸ್ಸು ಹೋಯಿತು. ಕೆರೆಯ ಕಡೆಯಿಂದ ಕಪ್ಪೆಗಳು. ಹುಳುವಿಗೆ ಬಾಯಿದ್ದಿದ್ದರೆ ಈಗ ಏನೆನ್ನುತ್ತಿತ್ತೋ ಎಂಬ ಯೋಚನೆ ಬಂತು. ಬಂದದ್ದಕ್ಕೆ ಅವಳಿಗೇ ಹೇಸಿಗೆಯಾಯಿತು. ಇಂಥ ಹೊತ್ತಿನಲ್ಲೂ ಕಥೆ.

ಟಪ್.

ಒಂದು ಹನಿ. ಇನ್ನೊಂದು. ಎಡ ಸಾಲಿನ ಕೆಳಗಿನಿಂದ. ಮತ್ತೆ ಅದರ ಮೇಲಿನ ತಟ್ಟೆಯಿಂದ. ಸಂಘಮಿತ್ರ ಒಳಗಿನಿಂದ ಕಿರುಚಿದಳು, "ತಿಂತಾ ಇವೆ! ಅಮ್ಮ, ಇಲ್ಲಿ ನೋಡಿ, ಇದು ತಿಂತಾ ಇದೆ!" ಹನಿಗಳು ಸೇರಿ ತುಂತುರಾದವು. ತನುಜ ಬೆರಳು ಮಡಿಸುತ್ತಾ ಹೋದಳು. ಒಂದು, ಎರಡು, ಮೂರು. ನಾಲ್ಕನೆಯದು ತಡವಾಗಿ ಶುರುವಾಯಿತು. ಐದನೆಯದು ಬಲು ಮೆಲ್ಲಗೆ. ಆರನೆಯದಕ್ಕೆ ಅವಳು ಬೆರಳು ಚಾಚಿಕೊಂಡೇ ನಿಂತಿದ್ದಳು.

ಬಾಗಿಲಲ್ಲಿ ಅನಸೂಯಮ್ಮ ಕಾಣಿಸಿಕೊಂಡಳು. ಕೈಯಲ್ಲಿ ಬಿದಿರ ತಟ್ಟೆ, ಎಲ್ಲಕ್ಕಿಂತ ಮೇಲಿನದು. ಮಂಕರಿಯ ಮೇಲಿದ್ದ ಆ ಒಂದು ಹಿಡಿ ಮೊದಲು ಬಿದ್ದದ್ದು ಅದರಲ್ಲೇ. ಗೆರೆ ದಾಟಿ ಬಂದು ಅದನ್ನು ಅಂಗಳದಲ್ಲಿ, ತನುಜಳ ಕಾಲ ಹತ್ತಿರ ಇಳಿಸಿದಳು. ನೂರಾರು ಬಿಳಿಯ ತಲೆಗಳು ಮೇಲೆದ್ದು, ಏನನ್ನೋ ಹುಡುಕುವ ಹಾಗೆ ಅತ್ತಿಂದಿತ್ತ ತೂಗುತ್ತಿದ್ದವು. ಬಾಯಿಯಂಚಿನಲ್ಲಿ ಹಸಿರು ಹನಿ.

"ಇವು ಉಳಿಯಲ್ಲ," ಎಂದಳು ಅನಸೂಯಮ್ಮ. ದನಿಯಲ್ಲಿ ದಣಿವಿತ್ತು. "ಒಳಗಿರೋ ಐದನ್ನೂ ಬೆಳಗಿನ ತನಕ ಕಾಯಬೇಕು. ತಿಂದ್ವು ಅಂತ ನಂಬೋಕಾಗಲ್ಲ."

"ಚಿಕ್ಕಮ್ಮ..."

"ನಿಂಬೆ ಎಲೆ ಅಲ್ಲ ಅಂತ ಗೊತ್ತಾದ್ಮೇಲೂ ನೀನು ಬಾಯಿ ಮುಚ್ಚಿಕೊಂಡಿದ್ರೆ ಆರೂ ಹೋಗ್ತಿದ್ವು." ಸೆರಗಿನಿಂದ ಕತ್ತು ಒರೆಸಿಕೊಂಡಳು. "ಮುಂಚೇನೇ ಮೂಗು ಕೆಲಸ ಮಾಡಿದ್ರೆ ಒಂದೂ ಹೋಗ್ತಿರಲಿಲ್ಲ. ಬೆಂಗಳೂರಿನೋರನ್ನ ನಾಯಿ ಥರ ಮೂಸಿದ್ಯಂತೆ, ಒಳಗೆ ಈ ಹುಡುಗಿ ಹೇಳಿದ್ಲು, ನಿನ್ನ ಕೈ ಮೂಸೋಕಾಗಲ್ವಾ?"

"ನಾವು ಚಿಕ್ಕಬಳ್ಳಾಪುರದೋರಮ್ಮ," ಎಂದ ಭಾನುಪ್ರಕಾಶ್ ಗೋಡೆಯ ಹತ್ತಿರದಿಂದ, ಸಣ್ಣ ದನಿಯಲ್ಲಿ.

"ಎಲ್ಲಿಯೋರಾದ್ರೇನಪ್ಪ. ಇನ್ನು ಮೇವಿನ ಹೊತ್ತಿಗೆ ಯಾರನ್ನೂ ಈ ಜಗಲಿ ಹತ್ತಿಸಲ್ಲ. ಮಜ್ಜಿಗೆ ಬೇಕಾದ್ರೆ ಕೆರೆ ಏರಿಗೇ ಕಳಿಸ್ತೀನಿ."

ಭಾನುಪ್ರಕಾಶ್ ತನುಜಳ ಕಡೆ ನೋಡಿದ. "ಮತ್ತೆ, ವಾರ ವಾರ..."

"ಏರಿವರೆಗೆ ಮಾತ್ರ ಸಾರ್. ಈ ಸದ್ದು ಕೇಳಿಸೋಕೆ ನನ್ನ ಕೈಲಿ ಆಗಲ್ಲ."

ಅವನು ಚೀಲವನ್ನು ಹೆಗಲಿಗೇರಿಸಿಕೊಂಡ. ಬರುತ್ತಾನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಸಂಘಮಿತ್ರ ಗೆರೆಯ ಆಚೆಯೇ ನಿಂತಿದ್ದಳು, ಸುತ್ತಿದ ಸೀರೆ ಅರ್ಧ ಬಿಚ್ಚಿಕೊಂಡು, ಅಂಗೈಯ ಮೇಲೆ ಎಲೆಯ ಸಮೇತ ಒಂದು ಹುಳುವನ್ನು ಇಟ್ಟುಕೊಂಡು. ಅದು ತಿನ್ನುತ್ತಿತ್ತು. ಅವಳಿಗೆ ಹೊರಗೆ ಬರುವ ಮನಸ್ಸೇ ಇದ್ದಂತಿರಲಿಲ್ಲ.

"ನೀನು ಮನೆಗೆ ಹೋಗಿ ಸೀಗೇಕಾಯಿ ಹಾಕಿ ಮೈ ತೊಳ್ಕೊ. ಬಟ್ಟೆ ಬೇರೆ ಉಟ್ಕೊ. ಬೆಳಿಗ್ಗೆ ಐದಕ್ಕೆ ಬಾ," ಎಂದಳು ಅನಸೂಯಮ್ಮ ಬೆನ್ನು ತಿರುಗಿಸುತ್ತಾ. "ಬಂದು ಮೊದಲು ಗೆರೆಯಾಚೆಯಿಂದಲೇ ಕೈ ಚಾಚು. ನಾನು ಮೂಸಿ ನೋಡ್ತೀನಿ. ಆಮೇಲೆ ಒಳಗೆ."

ತನುಜ ತಟ್ಟೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಮುಟ್ಟುವ ಹಾಗಿರಲಿಲ್ಲ. ಬೆನ್ನ ಹಿಂದೆ ಹುಳದ ಮನೆಯಲ್ಲಿ ಮಳೆ ಮತ್ತೆ ಹಿಡಿದಿತ್ತು. ಅವಳೆದುರಿನ ತಟ್ಟೆಯಲ್ಲಿ ತಲೆಗಳು ಒಂದೊಂದಾಗಿ ಸೋತು ಕೆಳಗಿಳಿಯುತ್ತಿದ್ದವು. ಕೊನೆಯದು ಇಳಿಯುವವರೆಗೂ ಅವಳು ಏಳಲಿಲ್ಲ.